ಶಸ್ತ್ರಚಿಕಿತ್ಸೆ ಬಿಟ್ಟು ಆರೋಗ್ಯ ಪ್ರತಿಷ್ಠಾನದ ಹೊಣೆ ಹೊರಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಪ್ರಶ್ನೆ: ಬಸವನಗುಡಿಯ ಶಸ್ತ್ರವೈದ್ಯೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ವಯಸ್ಸು 48, ಈ ಕೆಲಸದಲ್ಲಿ 17 ವರ್ಷ ಕಳೆದಿದ್ದೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬಾಯಿ ಕ್ಯಾನ್ಸರ್‌ನವರು. ಕಡ್ಡಿಪುಡಿ, ಗುಟ್ಕಾ, ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಂಡು ಬಂದವರು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯಿಂದ ರಾತ್ರಿ ಬಸ್ಸು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಮುಖ ತೊಳೆದುಕೊಳ್ಳುವುದಕ್ಕೂ ಜಾಗ ಸಿಗದೆ ನೇರವಾಗಿ ಓಪಿಡಿ ಚೀಟಿಯ ಸಾಲಿಗೆ ಬಂದು ನಿಲ್ಲುವವರು.

ಈಗ ನಗರದ ಒಂದು ಉದ್ಯಮಿ ಕುಟುಂಬದವರು ತಮ್ಮ ಪ್ರತಿಷ್ಠಾನದ ಆರೋಗ್ಯ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಬರುವಂತೆ ನನ್ನನ್ನು ಕೇಳಿದ್ದಾರೆ. ಯಾವ ಜಿಲ್ಲೆಗೆ ಹಣ ಹೋಗಬೇಕು, ಯಾವ ಕಾಯಿಲೆಗೆ ಹೋಗಬೇಕು, ಯಾರ ಮೂಲಕ ಹೋಗಬೇಕು ಎಂಬುದನ್ನೆಲ್ಲ ನಾನೇ ನಿರ್ಧರಿಸಿ ಟ್ರಸ್ಟಿಗಳ ಮುಂದಿಡಬೇಕು. ಕೆಲಸ ಪೂರ್ಣಾವಧಿಯದು, ಆದ್ದರಿಂದ ಆಸ್ಪತ್ರೆಯನ್ನು ಬಿಡಬೇಕಾಗುತ್ತದೆ. ಉತ್ತರ ಹೇಳಲು ಎರಡು ತಿಂಗಳ ಸಮಯ ಕೊಟ್ಟಿದ್ದಾರೆ.

ನನ್ನ ಮನಸ್ಸು ಅತ್ತ ವಾಲಿದ್ದಕ್ಕೆ ಕಾರಣವಾದ ಒಬ್ಬ ರೋಗಿಯ ವಿಷಯವನ್ನು ಹೇಳಲೇಬೇಕು. ಕಳೆದ ವರ್ಷ ಎಪಿಎಂಸಿಯಲ್ಲಿ ಹಮಾಲಿ ಮಾಡುವ, ನಲವತ್ತರ ಆಸುಪಾಸಿನ ಒಬ್ಬರಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಕೆಳದವಡೆಯ ಒಂದು ಭಾಗವನ್ನು ತೆಗೆದು, ಎದೆಯ ಸ್ನಾಯುವಿನಿಂದ ಕೆನ್ನೆ ಕಟ್ಟಿದೆವು. ಒಂಬತ್ತು ಗಂಟೆಯ ಕೆಲಸ. ಏಳನೆಯ ತಿಂಗಳಿಗೆ ಗಡ್ಡೆ ಮರುಕಳಿಸಿತು. ಅವರ ಹಳೆಯ ಕಾಗದಗಳ ನಡುವೆ ಎರಡು ವರ್ಷ ಹಿಂದೆ ಅವರ ಊರಿನಲ್ಲಿ ನಡೆದ ಉಚಿತ ಆರೋಗ್ಯ ಶಿಬಿರವೊಂದರ ಚೀಟಿಯಿತ್ತು. ರಕ್ತದೊತ್ತಡ ನೋಡಿದ್ದರು, ತೂಕ ನೋಡಿದ್ದರು, ಹೆಸರು ಬರೆದುಕೊಂಡು ಫೋಟೊ ತೆಗೆದುಕೊಂಡಿದ್ದರು. ಆಗಲೇ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇತ್ತು ಎಂದು ಅವರ ಹೆಂಡತಿ ಹೇಳಿದರು. ಬಾಯಿ ತೆರೆಯಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಶಿಬಿರಕ್ಕೆ ಹಣ ಕೊಟ್ಟವರ ವಾರ್ಷಿಕ ವರದಿಯಲ್ಲಿ ಅವರೂ ಒಬ್ಬ ಫಲಾನುಭವಿಯಾಗಿ ಲೆಕ್ಕಕ್ಕೆ ಸೇರಿರುತ್ತಾರೆ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಇಷ್ಟಿದ್ದರೂ ನಿರ್ಧಾರ ಸುಲಭವಾಗಿಲ್ಲ. ಕತ್ತಿ ಹಿಡಿದ ಕೈಗೆ ಕಡತ ಹಿಡಿದು ಗೊತ್ತಿಲ್ಲ. ಅಮ್ಮನಂತೂ, "ಇಷ್ಟು ವರ್ಷ ಓದಿದ್ದು ಮೀಟಿಂಗ್‌ನಲ್ಲಿ ಕೂರುವುದಕ್ಕಾ?" ಎಂದು ಕೇಳಿಬಿಟ್ಟರು, ಅವರ ಪ್ರಶ್ನೆಯಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಈ ದಾರಿಯಲ್ಲಿ ಹೋದವರು, ಅಥವಾ ಇಂಥ ಸಂಸ್ಥೆಗಳನ್ನು ಹತ್ತಿರದಿಂದ ಬಲ್ಲವರು, ಹೋಗುವ ಮೊದಲು ಏನನ್ನು ವಿಚಾರಿಸಿಕೊಳ್ಳಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಜಯನಗರದ ಮೂಳೆ ವೈದ್ಯ

ಮೇಡಂ, ನಾನು ಒಂಬತ್ತು ವರ್ಷಗಳ ಹಿಂದೆ ಇದೇ ದಾಟು ದಾಟಿದವನು. ಮೂಳೆ ಶಸ್ತ್ರಚಿಕಿತ್ಸೆ ಬಿಟ್ಟು ಒಂದು ಟ್ರಸ್ಟಿನ ಆರೋಗ್ಯ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತಿದ್ದೇನೆ. ಸಂಬಳ, ಕಡತ, ಮೀಟಿಂಗ್ ಇವುಗಳಿಗೆ ಆರು ತಿಂಗಳಲ್ಲಿ ಒಗ್ಗಿಕೊಳ್ಳುತ್ತೀರಿ, ಅವುಗಳ ಚಿಂತೆ ಬೇಡ. ಒಗ್ಗಿಕೊಳ್ಳಲೇಬಾರದ ಸಂಗತಿ ಒಂದಿದೆ, ಅದನ್ನು ಹೇಳಲೆಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಓಟಿಯಲ್ಲಿ, ಅಂದರೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ತಪ್ಪು ಮಾಡಿದರೆ ಅದನ್ನು ರೋಗಿಯ ದೇಹವೇ ಹೇಳುತ್ತದೆ. ರಕ್ತ ನಿಲ್ಲುವುದಿಲ್ಲ, ಗಾಯ ಕೀವಾಗುತ್ತದೆ, ಮೂರನೆಯ ದಿನ ಜ್ವರ ಬರುತ್ತದೆ, ನೀವು ಬೇರೆಡೆಯ ಸ್ನಾಯು ತಂದು ಕಟ್ಟಿದ ಫ್ಲ್ಯಾಪ್ ಕಪ್ಪಾಗುತ್ತದೆ. ಬೆಳಗಿನ ರೌಂಡ್ಸ್‌ನಲ್ಲಿ ಅದನ್ನು ನೋಡದೆ ಮುಂದಿನ ಹಾಸಿಗೆಗೆ ಹೋಗಲು ಆಗುವುದಿಲ್ಲ. ಜೊತೆಗೆ ತಿಂಗಳಿಗೊಮ್ಮೆ ಸಾವುಗಳ ಪರಿಶೀಲನಾ ಸಭೆಯಲ್ಲಿ, ನಿಮಗಿಂತ ಕಿರಿಯರ ಎದುರಿಗೇ, ಏಕೆ ಹೀಗಾಯಿತು ಎಂದು ವಿವರಿಸಬೇಕು. ಹಣ ಕೊಡುವ ಸಂಸ್ಥೆಯಲ್ಲಿ ಇವು ಯಾವುವೂ ಇಲ್ಲ. ನೀವು ತಪ್ಪು ಮಾಡಿದ್ದು ಮುನ್ನೂರು ಕಿಲೋಮೀಟರ್ ದೂರದಲ್ಲಿ, ನಿಮಗೆ ಗೊತ್ತಿಲ್ಲದವರ ಮೈಮೇಲೆ ಕಾಣಿಸಿಕೊಳ್ಳುತ್ತದೆ. ನಿಮ್ಮೆದುರು ಕುಳಿತವರಿಗೋ ಮುಂದಿನ ವರ್ಷವೂ ಅನುದಾನ ಬೇಕಾಗಿರುತ್ತದೆ. ಹಾಗಾಗಿ ನೀವು ಹೇಳಿದ್ದೆಲ್ಲ ಸರಿ ಎಂದೇ ಅವರು ತಲೆಯಾಡಿಸುತ್ತಾರೆ. ಅದು ಅವರ ತಪ್ಪಲ್ಲ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಮೊದಲ ವರ್ಷವೇ, ಮೂಳೆ ವೈದ್ಯನಲ್ಲವೇ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿ-ಆರ್ಮ್ ಯಂತ್ರ (ಶಸ್ತ್ರಚಿಕಿತ್ಸೆ ನಡೆಯುವಾಗಲೇ ಮೂಳೆಯ ಎಕ್ಸ್-ರೇ ತೋರಿಸುವಂಥದ್ದು) ಇದ್ದರೆ ಮೂಳೆ ಮುರಿದವರು ನಗರಕ್ಕೆ ಬರಬೇಕಾಗಿಲ್ಲ ಎಂದು ನಂಬಿ, ಆರು ಆಸ್ಪತ್ರೆಗಳಿಗೆ ಯಂತ್ರ ಕೊಡಿಸಿದೆ. ರಿಬ್ಬನ್ ಕತ್ತರಿಸಿದ್ದಾಯಿತು, ಪತ್ರಿಕೆಯಲ್ಲಿ ಚಿತ್ರವೂ ಬಂತು. ಎರಡು ವರ್ಷಗಳ ನಂತರ, ಹೇಳದೆ ಕೇಳದೆ ಹೋಗಿ ನೋಡಿದಾಗ ಎರಡು ಯಂತ್ರಗಳು ಮಾತ್ರ ಕೆಲಸ ಮಾಡುತ್ತಿದ್ದವು. ಒಂದು ಕಡೆ ರೇಡಿಯೋಗ್ರಾಫರ್ ಹುದ್ದೆಯೇ ಖಾಲಿ, ಇನ್ನೊಂದು ಕಡೆ ಅರಿವಳಿಕೆ ವೈದ್ಯರಿಗೆ ವರ್ಗವಾಗಿತ್ತು, ಉಳಿದೆಡೆ ವಾರ್ಷಿಕ ನಿರ್ವಹಣಾ ಒಪ್ಪಂದ ಮುಗಿದು ಅದನ್ನು ನವೀಕರಿಸುವವರು ಯಾರೆಂಬುದೇ ತೀರ್ಮಾನವಾಗಿರಲಿಲ್ಲ. ಆ ಎರಡು ವರ್ಷವೂ ನಮಗೆ ಬಂದ ವರದಿಗಳಲ್ಲಿ ಯಂತ್ರಗಳನ್ನು ಯಶಸ್ವಿಯಾಗಿ ಅಳವಡಿಸಲಾಗಿದೆ ಎಂದೇ ಇತ್ತು. ಅದು ಸುಳ್ಳೂ ಅಲ್ಲ.

ಇದೇ ಹಾದಿಯಲ್ಲಿ ನಡೆದ ಶಸ್ತ್ರವೈದ್ಯರಲ್ಲಿ ಅಮೆರಿಕದ ಅತುಲ್ ಗವಾಂಡೆ ಅವರ ಕೆಲಸವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರ ತಂಡ ರೂಪಿಸಿದ, 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿ ನಿಮ್ಮ ಓಟಿಯ ಗೋಡೆಯ ಮೇಲೂ ಇರಬಹುದು. ದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವಿನ ಪ್ರಮಾಣ 1.5%ರಿಂದ 0.8%ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ಪಟ್ಟಿಯನ್ನು ಎಲ್ಲೆಡೆ ಜಾರಿಗೆ ತಂದ ಮೇಲೆ 101 ಆಸ್ಪತ್ರೆಗಳ ಲೆಕ್ಕ ನೋಡಿದವರಿಗೆ ಸಾವಿನ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಅದು 2014ರಲ್ಲಿ ಬಂದ ವರದಿ. ಕಾಗದ ಅದೇ, ಅದನ್ನು ಜನ ಕೈಗೆತ್ತಿಕೊಂಡ ರೀತಿ ಬೇರೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಉತ್ತರ ಪ್ರದೇಶದ ಪ್ರಯೋಗ. ಗವಾಂಡೆಯವರ ಸಂಸ್ಥೆಯೇ, ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, ಅಲ್ಲಿನ 120 ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆಯ ಸುರಕ್ಷತಾ ಪಟ್ಟಿಯ ಪರೀಕ್ಷೆ ನಡೆಸಿತು. ದಾದಿಯರ ಪಕ್ಕದಲ್ಲಿ ನಿಂತು ತಿದ್ದಿ ಹೇಳಿಕೊಡುವ ತರಬೇತುದಾರರನ್ನೂ ನೇಮಿಸಿತು. ದಾದಿಯರು ಕೆಲಸ ಮಾಡುವ ಕ್ರಮ ನಿಜಕ್ಕೂ ಸುಧಾರಿಸಿತು, ಆದರೆ ತಾಯಂದಿರ ಮತ್ತು ಶಿಶುಗಳ ಸಾವು ಕಡಿಮೆಯಾಗಲಿಲ್ಲ. ಆ ಫಲಿತಾಂಶವನ್ನು 2017ರಲ್ಲಿ ಅವರೇ ಪ್ರಕಟಿಸಿದರು. ಅಷ್ಟು ಹಣ, ಅಷ್ಟು ಹೆಸರು, ಅಷ್ಟು ವರ್ಷ ಹಾಕಿ, ನಾವು ಬಯಸಿದ್ದು ಆಗಲಿಲ್ಲ ಎಂದು ಬರೆಯುವುದಕ್ಕೆ ಮೊದಲಿನಿಂದಲೇ ಲೆಕ್ಕ ಇಟ್ಟಿರಬೇಕು. ಪಕ್ಕದಲ್ಲಿ, ಪಟ್ಟಿಯನ್ನೇ ಕೊಡದ ಕೇಂದ್ರಗಳ ಲೆಕ್ಕವನ್ನೂ ಇಟ್ಟಿದ್ದರಿಂದಲೇ ಅವರಿಗೆ ಅದು ಗೊತ್ತಾಯಿತು. ಅದಿಲ್ಲದಿದ್ದರೆ, ದಾದಿಯರ ಕೆಲಸ ಸುಧಾರಿಸಿತು ಎಂಬ ಸಂತೋಷದ ವರದಿಯಲ್ಲೇ ಎಲ್ಲವೂ ಮುಗಿಯುತ್ತಿತ್ತು.

ಆದ್ದರಿಂದ ಟ್ರಸ್ಟಿಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ನಮ್ಮ ಕಾರ್ಯಕ್ರಮದಿಂದ ಪ್ರಯೋಜನವಾಗಲಿಲ್ಲ ಎಂದು ಗೊತ್ತಾದರೆ ಅದನ್ನು ಪ್ರಕಟಿಸಲು ನನಗೆ ಅನುಮತಿ ಇದೆಯೇ? ಆಗ ಅವರ ಮುಖ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಉತ್ತರ 2: ಮಲ್ಲೇಶ್ವರದ ಲೆಕ್ಕಪರಿಶೋಧಕ

ನಾನು ವೈದ್ಯನಲ್ಲ. ಹಲವು ಟ್ರಸ್ಟುಗಳ ಲೆಕ್ಕ ನೋಡುವವನಾಗಿ ಹಣದ ಸ್ವಭಾವದ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಈ ಹುದ್ದೆಗೆ ಬರುವ ವೈದ್ಯರು ಹಣ ಎಷ್ಟಿದೆ ಎಂದು ಕೇಳುತ್ತಾರೆಯೇ ಹೊರತು ಅದು ಯಾವ ಬಗೆಯ ಹಣ ಎಂದು ಕೇಳುವುದಿಲ್ಲ.

ಆ ಹಣ ಕುಟುಂಬದ ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣವೋ, ಪ್ರತಿಷ್ಠಾನದ ಸ್ವಂತ ಮೂಲನಿಧಿಯೋ, ವಿದೇಶದಿಂದ ಬಂದದ್ದೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಯು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ 2%ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕು. ಈ ಹಣಕ್ಕೆ ಗಡಿಯಾರ ಕಟ್ಟಿರುತ್ತದೆ. ಬಹುವರ್ಷದ ಯೋಜನೆ ಎಂದು ಘೋಷಿಸಿದರೂ, ಆರಂಭದ ವರ್ಷವನ್ನು ಬಿಟ್ಟರೆ ಗರಿಷ್ಠ 3 ಹಣಕಾಸು ವರ್ಷಗಳಲ್ಲಿ ಅದು ಮುಗಿಯಬೇಕು. ಖರ್ಚಾಗದೆ ಉಳಿದ ಹಣವನ್ನು ಪ್ರತ್ಯೇಕ ಖಾತೆಗೆ ವರ್ಗಾಯಿಸಬೇಕು, ಅವಧಿ ಮೀರಿದರೆ ಸರ್ಕಾರ ಸೂಚಿಸಿದ ನಿಧಿಗೆ ಕಟ್ಟಬೇಕು. ಮಾರ್ಚ್ ತಿಂಗಳಲ್ಲಿ ಆಂಬುಲೆನ್ಸ್‌ಗಳೂ ಯಂತ್ರಗಳೂ ದಾನವಾಗುವ ಹಿಂದೆ ಈ ಗಡಿಯಾರವೂ ಇದೆ ಎಂಬುದು ನಾನು ಪ್ರತಿವರ್ಷ ಕಾಣುವ ಸಂಗತಿ.

ಮೂಲನಿಧಿಯ ಆದಾಯಕ್ಕೆ ಇಷ್ಟು ಅವಸರವಿಲ್ಲ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಸಾಮಾನ್ಯವಾಗಿ ವರ್ಷದ ಆದಾಯದ 85%ರಷ್ಟನ್ನು ಉದ್ದೇಶಿತ ಕಾರ್ಯಕ್ಕೆ ಬಳಸಬೇಕು, ಆದರೂ ಒಂದೇ ಕೆಲಸವನ್ನು ಹತ್ತು ವರ್ಷ ಹಿಡಿದು ನಡೆಸಬಹುದು. ಬೆಂಗಳೂರಿನಲ್ಲೇ ಇರುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಬಲ ಇರುವುದು ಇಂಥ ಮೂಲನಿಧಿಯಲ್ಲಿ. 2019ರ ಮಾರ್ಚ್‌ನಲ್ಲಿ ವಿಪ್ರೊ ಷೇರುಗಳ ಇನ್ನೊಂದು ದೊಡ್ಡ ಪಾಲನ್ನು ಸೇರಿಸಿದ ಮೇಲೆ ಅದಕ್ಕೆ ಮೀಸಲಾದ ಒಟ್ಟು ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಎಂದು ಪ್ರಕಟಿಸಲಾಯಿತು. ಇನ್ನು ವಿದೇಶಿ ದೇಣಿಗೆ ಇದ್ದರೆ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯನ್ನು ಓದಿಕೊಳ್ಳಿ. ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿದಿದೆ. ಅದಕ್ಕಿಂತ ಮುಖ್ಯವಾಗಿ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಳ್ಳಿಯ ಸಣ್ಣ ಸಂಸ್ಥೆಯೊಂದು ಚೆನ್ನಾಗಿ ಕೆಲಸ ಮಾಡುತ್ತಿದೆ, ಅದಕ್ಕೇ ಕೊಡೋಣ ಎಂದು ನೀವು ಅಂದುಕೊಂಡರೂ ಆ ಹಣದಿಂದ ಕೊಡಲಾಗದು.

ಮೇಲಿನ ಡಾಕ್ಟರು ಅಳತೆಯ ಮಾತು ಎತ್ತಿದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳು 1 ಕೋಟಿ ರೂಪಾಯಿ ಅಥವಾ ಅದಕ್ಕೆ ಮೀರಿದ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕೆಂಬ ನಿಯಮ ಈಗಾಗಲೇ ಇದೆ. ಆದರೆ ಅಳೆಯುವುದು ಯೋಜನೆ ಮುಗಿದ ಮೇಲೆ. ಆರಂಭದ ದಿನ ಸ್ಥಿತಿ ಹೇಗಿತ್ತು ಎಂಬ ದಾಖಲೆಯೇ ಇಲ್ಲದಿದ್ದರೆ ಕೊನೆಯಲ್ಲಿ ಬಂದವರು ಏನನ್ನು ಅಳೆದಾರು?

ಉತ್ತರ 3: ಚಾಮರಾಜನಗರ ಜಿಲ್ಲೆಯ ವೈದ್ಯಾಧಿಕಾರಿ

ನಾನು ಬೆಂಗಳೂರಿನಲ್ಲೇ ಓದಿ, ಈಗ ಸರ್ಕಾರಿ ಸೇವೆಯಲ್ಲಿದ್ದೇನೆ. ನೀವೆಲ್ಲ ಕೊಡುವ ಕಡೆಯಿಂದ ಮಾತನಾಡಿದಿರಿ, ತೆಗೆದುಕೊಳ್ಳುವ ಕಡೆಯವನ ಮಾತನ್ನೂ ಕೇಳಬೇಕೆಂದು ವಿನಂತಿ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದೇ ವರ್ಷ ಮೂರು ಸಂಸ್ಥೆಗಳು ಬಂದಿದ್ದವು. ಒಂದು ರಕ್ತಹೀನತೆಗೆ, ಒಂದು ಸಕ್ಕರೆ ಕಾಯಿಲೆಗೆ, ಇನ್ನೊಂದು ಕ್ಯಾನ್ಸರ್ ತಪಾಸಣೆಗೆ. ಮೂವರೂ ಒಳ್ಳೆಯವರು. ಮೂವರಿಗೂ ಬೇಕಾಗಿದ್ದವರು ಅದೇ ಆಶಾ ಕಾರ್ಯಕರ್ತೆಯರು. ಇಲಾಖೆಯ ನೋಂದಣಿ ಪುಸ್ತಕಗಳ ಜೊತೆಗೆ ಮೂರು ಬೇರೆ ಬೇರೆ ಆ್ಯಪ್‌ಗಳಲ್ಲಿ ಅದೇ ಮನೆಯ ಅದೇ ಜನರ ಹೆಸರನ್ನು ಅವರು ತುಂಬಬೇಕಾಗಿತ್ತು. ಒಬ್ಬ ಆಶಾ ನನ್ನ ಮುಂದೆ ಫೋನ್ ಇಟ್ಟು, "ಸರ್, ಮನೆಗೆ ಹೋದರೆ ಬಾಣಂತಿಯ ಮುಖ ನೋಡುವುದಕ್ಕಿಂತ ಫೋನ್ ನೋಡುವುದೇ ಜಾಸ್ತಿ ಆಗಿದೆ" ಎಂದು ಅತ್ತರು.

ಬಾಯಿ ಕ್ಯಾನ್ಸರ್‌ನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಹಮಾಲಿ ರೋಗಿಯ ಪ್ರಸಂಗ ಓದಿ ನನಗೂ ಮನಸ್ಸು ಕಲಕಿತು. ತಿರುವನಂತಪುರದ ಅಧ್ಯಯನ ನಿಮಗೆ ಗೊತ್ತಿರುತ್ತದೆ. ಇತರ ಓದುಗರಿಗಾಗಿ ಬರೆಯುತ್ತೇನೆ. ಅಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. ಒಂಬತ್ತು ವರ್ಷಗಳಲ್ಲಿ ಮೂರು ಸುತ್ತು ತಪಾಸಣೆ ನಡೆಯಿತು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನಿಂದ ಆಗುವ ಸಾವು 34% ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಒಂದು ಟಾರ್ಚು, ತರಬೇತಾದ ಕಣ್ಣು, ಇಷ್ಟರಿಂದಲೇ ಆದ ಕೆಲಸ ಅದು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ಬಾಯಲ್ಲಿ ಸಂಶಯದ ಮಚ್ಚೆ ಕಂಡವರಲ್ಲಿ 63% ಜನ ಮಾತ್ರ ಮುಂದಿನ ಪರೀಕ್ಷೆಗೆ ವೈದ್ಯರ ಬಳಿ ಹೋದರು. ಸಾಕ್ಷರತೆಗೂ ರಸ್ತೆಗಳಿಗೂ ಹೆಸರಾದ ಕೇರಳದಲ್ಲೇ ಹೀಗಾದರೆ, ನಮ್ಮ ಪೋಡುಗಳಿಂದ, ಅಂದರೆ ಆದಿವಾಸಿ ಹಾಡಿಗಳಿಂದ, ಜಿಲ್ಲಾಸ್ಪತ್ರೆಗೆ ಎಷ್ಟು ಜನ ಹೋದಾರು? ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಇದೆ, ಜೊತೆಗೆ ಒಬ್ಬರು ಬರಬೇಕು, ಬಯಾಪ್ಸಿಯ ಫಲಿತಾಂಶಕ್ಕೆ ಮತ್ತೊಮ್ಮೆ ಹೋಗಬೇಕು. ತಪಾಸಣೆಗೆ ಹಣ ಕೊಡಲು ಎಲ್ಲರೂ ಮುಂದೆ ಬರುತ್ತಾರೆ. ಮಚ್ಚೆ ಕಂಡವರ ಮನೆಗೆ ಎರಡನೆಯ ಸಲ ಹೋಗಿ ಕೈಹಿಡಿದು ಬಸ್ಸು ಹತ್ತಿಸುವವರ ಸಂಬಳಕ್ಕೆ ಯಾರೂ ಕೊಡುವುದಿಲ್ಲ.

ನೀವು ಲೆಕ್ಕಪರಿಶೋಧಕರ ಮಾತನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಆ ಅಧ್ಯಯನಕ್ಕೆ ಒಂಬತ್ತು ವರ್ಷ ಬೇಕಾಯಿತು. ಮೂರು ವರ್ಷದ ಹಣದಿಂದ ಅದು ಸಾಧ್ಯವೇ?

ನಮ್ಮ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿಗೆ ಒಮ್ಮೆ ಬನ್ನಿ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ಅಲ್ಲಿನ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ಪಕ್ಕದಲ್ಲಿ ತನ್ನದೇ ಬೋರ್ಡು ಹಾಕಿಕೊಂಡು ಇನ್ನೊಂದು ಕ್ಲಿನಿಕ್ ತೆರೆಯುವ ಬದಲು ಇದ್ದ ವ್ಯವಸ್ಥೆಯ ಒಳಗೇ ಹೊಕ್ಕು, ರಜೆ, ಔಷಧಿ ಪೂರೈಕೆ, ಹಾಜರಾತಿ ಇವುಗಳ ಜಂಜಾಟವನ್ನೆಲ್ಲ ಮೈಮೇಲೆ ಹಾಕಿಕೊಂಡಿತು. ಅದು ಕಷ್ಟದ ದಾರಿ. ಆದರೆ ಸಂಸ್ಥೆ ಹೊರಟುಹೋದ ಮೇಲೂ ಏನಾದರೂ ಉಳಿಯಬೇಕಾದರೆ ಬೇರೆ ದಾರಿ ನನಗಂತೂ ಕಂಡಿಲ್ಲ.

ಮರುಮಾತು: ಬಸವನಗುಡಿಯ ಶಸ್ತ್ರವೈದ್ಯೆ

ಮೂವರಿಗೂ ಮನಃಪೂರ್ವಕ ಧನ್ಯವಾದ. ಹಣದ ಮೂಲವನ್ನು ವಿಚಾರಿಸಿದೆ: ಮುಕ್ಕಾಲು ಪಾಲು ಸಿಎಸ್‌ಆರ್, ಉಳಿದದ್ದು ಕುಟುಂಬದ ಮೂಲನಿಧಿ, ವಿದೇಶಿ ಹಣವಿಲ್ಲ. ವೈದ್ಯಾಧಿಕಾರಿಗಳು ಹೇಳಿದ 63%ರ ಅಂಕಿಯನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಎಷ್ಟೋ ಸಲ ಹೇಳಿದ್ದೇನೆ, ಆದರೆ ಅದರೊಳಗೆ ಒಂದು ದಿನದ ಕೂಲಿ ಇದೆ ಎಂದು ಯೋಚಿಸಿರಲಿಲ್ಲ.

ಇನ್ನೊಂದು ಸಂದೇಹ ಉಳಿದಿದೆ. ವಾರಕ್ಕೆ ಒಂದು ದಿನ ಓಟಿ ಇಟ್ಟುಕೊಳ್ಳುವುದಾದರೆ ಪ್ರತಿಷ್ಠಾನದವರ ಅಭ್ಯಂತರವಿಲ್ಲ. ಹಾಗೆ ಮಾಡುವುದು ಸರಿಯೇ?

ಉತ್ತರ 4: ನಿವೃತ್ತ ಸರ್ಜರಿ ಪ್ರಾಧ್ಯಾಪಕ

ಅಮ್ಮಾ, ನಾನು ಮೂವತ್ತು ವರ್ಷ ಸರ್ಜರಿ ಕಲಿಸಿದವನು. ನೇರವಾಗಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ವಾರಕ್ಕೊಂದು ದಿನದ ಓಟಿ ಬೇಡ. ಹರ್ನಿಯಾ ಮಾಡುವವರಿಗಾದರೆ ಬೇರೆ ಮಾತು. ನಿಮ್ಮದು ದವಡೆ ತೆಗೆದು ಮತ್ತೆ ಕಟ್ಟುವ ಕೆಲಸ. ಮೊದಲ ಎರಡು ರಾತ್ರಿ ಫ್ಲ್ಯಾಪಿನ ಬಣ್ಣ ನೋಡುತ್ತ ಇರಬೇಕು, ಕುತ್ತಿಗೆಯಲ್ಲಿ ರಕ್ತ ತುಂಬಿಕೊಂಡರೆ ನಡುರಾತ್ರಿಯಲ್ಲಿ ಹೊಲಿಗೆ ಬಿಚ್ಚಬೇಕು. ಗುರುವಾರ ಕತ್ತರಿಸಿ ಶುಕ್ರವಾರ ಕಲಬುರಗಿಯ ಸಭೆಗೆ ಹೋಗುವವರು ಆ ಕೆಲಸವನ್ನು ಮಾಡಬಾರದು. ಕೈ ಮೊಂಡಾಗುವುದು ನಿಧಾನಕ್ಕೆ, ಮೊಂಡಾಯಿತೆಂದು ನಮಗೇ ತಿಳಿಯುವುದು ಇನ್ನೂ ನಿಧಾನಕ್ಕೆ. ಸಂಪರ್ಕ ಉಳಿಸಿಕೊಳ್ಳಬೇಕೆಂದರೆ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯನ್ನು ವೈದ್ಯರೆಲ್ಲ ಕೂಡಿ ನಿರ್ಧರಿಸುವ ಟ್ಯೂಮರ್ ಬೋರ್ಡಿಗೆ ಬನ್ನಿ, ಓಪಿಡಿಯಲ್ಲಿ ಹೊಸ ರೋಗಿಗಳ ಬಾಯಿ ನೋಡಿ, ಬಯಾಪ್ಸಿ ಮಾಡಿ. ವೈದ್ಯಕೀಯ ಮಂಡಳಿಯ ನೋಂದಣಿಯನ್ನು ಮಾತ್ರ ತಪ್ಪದೆ ನವೀಕರಿಸುತ್ತಿರಿ.

ಇಷ್ಟು ಹೇಳಿದ ಮೇಲೆ, ನೀವು ಹೋಗಬಾರದು ಎಂಬುದೇ ನನ್ನ ಅಭಿಪ್ರಾಯ ಎಂದೂ ತಿಳಿಸಬೇಕು. 48 ಎಂದರೆ ಶಸ್ತ್ರವೈದ್ಯರ ಕೈ ಮತ್ತು ಬುದ್ಧಿ ಎರಡೂ ಪಳಗಿರುವ ವಯಸ್ಸು. ಇನ್ನು ಹದಿನೈದು ವರ್ಷದಲ್ಲಿ ನೀವು ತಯಾರು ಮಾಡಬಹುದಾದ ಕಿರಿಯರ ಸಂಖ್ಯೆಯನ್ನು ಯೋಚಿಸಿ. ಜಗತ್ತಿನಲ್ಲಿ 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದು ಲ್ಯಾನ್ಸೆಟ್ ಆಯೋಗ 2015ರಲ್ಲಿ ಹೇಳಿತು; ವರ್ಷಕ್ಕೆ ಇನ್ನೂ 14.3 ಕೋಟಿ ಶಸ್ತ್ರಚಿಕಿತ್ಸೆಗಳು ಬೇಕು ಎಂದಿತು. ಅದನ್ನು ಓದಿದವರು ಶಸ್ತ್ರವೈದ್ಯರನ್ನು ಓಟಿಯಿಂದ ಹೊರಗೆ ಕಳಿಸುತ್ತಾರೆಯೇ?

ಮದುರೈನ ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 58ನೇ ವಯಸ್ಸಿನಲ್ಲಿ, 1976ರಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ಆರಂಭಿಸಿದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ಕತ್ತಿ ಹಿಡಿಯುವುದನ್ನು ಮತ್ತೆ ಕಲಿತವರು ಅವರು. ಹಣ ಕೊಡಬಲ್ಲವರಿಂದ ಪಡೆದು, ಕೊಡಲಾಗದವರಿಗೆ ಅದೇ ಗುಣಮಟ್ಟದಲ್ಲಿ ಮಾಡಿದರು. ಕಣ್ಣಿನ ಮಸೂರ ದುಬಾರಿ ಎನಿಸಿದಾಗ 1992ರಲ್ಲಿ ಆರೋಲ್ಯಾಬ್ ಸ್ಥಾಪಿಸಿ ಇಲ್ಲೇ ತಯಾರಿಸಿದರು. ಅವರು ಶಸ್ತ್ರಚಿಕಿತ್ಸೆಯನ್ನು ಬಿಟ್ಟು ಪರೋಪಕಾರಕ್ಕೆ ಹೋದವರಲ್ಲ. ನಮ್ಮ ಡಾ. ದೇವಿ ಶೆಟ್ಟಿಯವರೂ ಓಟಿಯಲ್ಲಿ ಇದ್ದುಕೊಂಡೇ 2003ರ ಯಶಸ್ವಿನಿ ಯೋಜನೆಗೆ ಕಾರಣರಾದರು. ಸಹಕಾರ ಸಂಘದ ರೈತರು ಆಗ ತಿಂಗಳಿಗೆ 5 ರೂಪಾಯಿಯಂತೆ ಕಟ್ಟಿದರೆ ಶಸ್ತ್ರಚಿಕಿತ್ಸೆಯ ರಕ್ಷಣೆ ದೊರೆಯುತ್ತಿತ್ತು. ಈ ಮಾದರಿಯನ್ನೂ ಯೋಚಿಸಿ ಎಂದು ನನ್ನ ಬಿನ್ನಹ.

ಉತ್ತರ 5: ಜಯನಗರದ ಮೂಳೆ ವೈದ್ಯ

ಸರ್, ತಮ್ಮ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ವಾರಕ್ಕೊಂದು ಓಟಿ ಬೇಡ ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ನಮ್ಮ ರಾಜ್ಯದಲ್ಲೇ ನಡೆದ ಇನ್ನೊಂದು ಸಂಗತಿ ಇದೆ. ಬಡ ಕುಟುಂಬಗಳ ದೊಡ್ಡ ಚಿಕಿತ್ಸೆಗಳ ವೆಚ್ಚವನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಿಂದ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು. ಯೋಜನೆ ಇದ್ದ ಪ್ರದೇಶದ ಗಡಿಯ ಆಚೆ ಈಚೆಗಿನ ಹಳ್ಳಿಗಳನ್ನು ಹೋಲಿಸಿ ನೋಡಿದ ಸಂಶೋಧಕರು, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ ಯೋಜನೆ ಇಲ್ಲದ ಕಡೆ 0.90% ಇದ್ದರೆ ಯೋಜನೆ ಇದ್ದ ಕಡೆ 0.32% ಇತ್ತು ಎಂದು 2014ರಲ್ಲಿ ಪ್ರಕಟಿಸಿದರು. ಎರಡೂ ಕಡೆಯವರಿಗೆ ಚಿಕಿತ್ಸೆ ಮಾಡಬಲ್ಲ ಶಸ್ತ್ರವೈದ್ಯರು ಅದೇ ಆಸ್ಪತ್ರೆಗಳಲ್ಲಿ ಇದ್ದರು. ಬದಲಾದದ್ದು ಹಣ ಕಟ್ಟುವವರು ಯಾರು, ಹಳ್ಳಿಯ ಶಿಬಿರದಿಂದ ಆಸ್ಪತ್ರೆಗೆ ಕಳಿಸುವವರು ಯಾರು ಎಂಬುದು ಮಾತ್ರ. ಆ ಕೋಷ್ಟಕವನ್ನು ಓದಿದ ದಿನ ನಾನು ಆಸ್ಪತ್ರೆ ಬಿಟ್ಟದ್ದಕ್ಕೆ ಇದ್ದ ಅಳುಕು ಸ್ವಲ್ಪ ಕಡಿಮೆಯಾಯಿತು.

ಆ ಅಂಕಿ ನಮಗೆ ಸಿಕ್ಕಿದ್ದಾದರೂ ಗಡಿಯ ಆಚೆಗಿನ ಹಳ್ಳಿಗಳನ್ನೂ ಯಾರೋ ಎಣಿಸಿದ್ದರಿಂದ.

ಮರುಮಾತು: ಬಸವನಗುಡಿಯ ಶಸ್ತ್ರವೈದ್ಯೆ

ಪ್ರಾಧ್ಯಾಪಕರಿಗೆ ಮೊದಲು ನಮಸ್ಕಾರ. ಸರ್, ತಮ್ಮ ಮಾತು ನಾಟಿತು. ವಾರದ ಓಟಿಯ ಯೋಚನೆ ಬಿಟ್ಟಿದ್ದೇನೆ. ಹೋದರೆ ಪೂರ್ತಿ ಹೋಗುತ್ತೇನೆ, ಸೋಮವಾರ ಬೆಳಗಿನ ಓಪಿಡಿ ಮಾತ್ರ ಉಳಿಸಿಕೊಳ್ಳುತ್ತೇನೆ. ಕೈಕೆಳಗಿನ ಇಬ್ಬರು ಕಿರಿಯರು ದವಡೆಯ ಶಸ್ತ್ರಚಿಕಿತ್ಸೆಯನ್ನು ನನ್ನ ಸಹಾಯವಿಲ್ಲದೆ ಮಾಡುವಂತಾಗುವವರೆಗೆ, ಅಂದರೆ ಇನ್ನೂ ಎಂಟು ತಿಂಗಳು, ಹೊರಡುವುದಿಲ್ಲ ಎಂದು ಪ್ರತಿಷ್ಠಾನಕ್ಕೆ ತಿಳಿಸಿದೆ, ಕಾಯಲು ಒಪ್ಪಿದ್ದಾರೆ.

ಟ್ರಸ್ಟಿಗಳೊಂದಿಗೆ ನಿನ್ನೆ ಎರಡು ಗಂಟೆ ಮಾತನಾಡಿದೆ. ಬಾಯಿ ಕ್ಯಾನ್ಸರ್ ಕಾರ್ಯಕ್ರಮವನ್ನು ಮೂಲನಿಧಿಯಿಂದ ಒಂಬತ್ತು ವರ್ಷ ನಡೆಸಬೇಕು, ಹೊಸ ಆ್ಯಪ್ ಮಾಡದೆ ಇಲಾಖೆಯ ದಾಖಲೆಯನ್ನೇ ಬಳಸಬೇಕು, ಕೆಲಸ ಆರಂಭವಾಗುವ ಮೊದಲೇ ಕಾರ್ಯಕ್ರಮವಿಲ್ಲದ ತಾಲ್ಲೂಕುಗಳ ಲೆಕ್ಕವನ್ನೂ ಹೊರಗಿನವರಿಂದ ಇಡಿಸಬೇಕು ಎಂದು ಕೇಳಿದೆ. ಒಂಬತ್ತು ವರ್ಷಕ್ಕೆ ಹಿರಿಯರು ತಕ್ಷಣ ಒಪ್ಪಲಿಲ್ಲ, ಐದು ವರ್ಷಕ್ಕೆ ನಿಂತಿದ್ದಾರೆ. ಮಾತುಕತೆ ಮುಂದುವರಿದಿದೆ. ಪ್ರಯೋಜನವಾಗದಿದ್ದರೆ ಪ್ರಕಟಿಸಬಹುದೇ ಎಂದು ಕೇಳಿದಾಗ ಜಯನಗರದ ಡಾಕ್ಟರು ಹೇಳಿದಂತೆ ಮುಖ ನೋಡಿದೆ. ಹಿರಿಯರು ಸುಮ್ಮನಾದರು. ಅವರ ಮಗಳು, ಆಕೆಯೂ ಟ್ರಸ್ಟಿ, "ಬರೆದು ಕೊಡಿ, ಸಹಿ ಮಾಡುತ್ತೇವೆ" ಎಂದರು.

ಶಿಬಿರಗಳ ವರದಿಯ ನಮೂನೆಯನ್ನೂ ಕೇಳಿ ತರಿಸಿಕೊಂಡೆ. ಅದರಲ್ಲಿ ಹೆಸರು, ವಯಸ್ಸು, ಫೋನ್ ಸಂಖ್ಯೆ, ಫಲಾನುಭವಿಯ ಸಹಿ ಎಂಬ ನಾಲ್ಕು ಕಾಲಂಗಳಿವೆ. ಐದನೆಯದಾಗಿ ಬಾಯಿ ನೋಡಿದಿರಾ, ಆರನೆಯದಾಗಿ ಮಚ್ಚೆ ಕಂಡಿದ್ದರೆ ಬಯಾಪ್ಸಿಯಾದ ದಿನಾಂಕ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ.

ವೈದ್ಯಾಧಿಕಾರಿಗಳೇ, ಮುಂದಿನ ಬುಧವಾರ ನನಗೆ ರಜೆ ಇದೆ. ಗುಂಬಳ್ಳಿಯನ್ನೂ ನಿಮ್ಮ ಕೇಂದ್ರವನ್ನೂ ನೋಡಬೇಕೆಂದಿದ್ದೇನೆ. ಆ ಆಶಾ ಕಾರ್ಯಕರ್ತೆಯವರು ಅಂದು ಸಿಗುವುದಾದರೆ ಅವರ ಮನೆ ಭೇಟಿಯ ಸಮಯಕ್ಕೆ ಸರಿಯಾಗಿ ಬರುತ್ತೇನೆ. ಯಾವ ಹೊತ್ತಿಗೆ ಬಂದರೆ ಅವರಿಗೆ ತೊಂದರೆಯಾಗುವುದಿಲ್ಲ ಎಂದು ತಿಳಿಸಿ.